ರೋಮಾಪುರಿಗೆ ಹೊರಡುವ ಮುನ್ನ

(ದೇವಾಲಯದ ಶತಮಾನೋತ್ಸವದ ಅಂಗವಾಗಿ, ಹೊಸರಿತ್ತಿಯಲ್ಲಿ ಒಕ್ಕಲುತನದೊಡನೆ ಉಪದೇಶಿಯ ಸೇವೆಯನ್ನೂ ಮಾಡಿಕೊಂಡಿರುವ ಹಿರಿಯರೊಬ್ಬರು ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ 100 ವರ್ಷ ತುಂಬಿದ ಕೃತಜ್ಞತೆಗಾಗಿ ಕೆಲವು ಕುಟುಂಬಗಳು ಬರುವ ವರ್ಷ ರೋಮಾಪುರಿಗೆ ಯಾತ್ರೆ ಕೈಗೊಳ್ಳಬೇಕೆಂದು ಸಂಕಲ್ಪ ಮಾಡಿರುವುದು ತಮಗೆಲ್ಲ ತಿಳಿದೇ ಇದೆ. ಈ ಮೊದಲೇ ಒಮ್ಮೆ ಹೋಗಿಬಂದವನೆಂಬ ಕಾರಣದಿಂದ ನಾಲ್ಕು ಮಾತು ಹೇಳಬೇಕೆಂದು ಗುರುಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ. ವರದಾ ನದಿಯ ದಂಡೆಯ ಮೇಲೆ ಮೆಣಸಿನಕಾಯಿ, ಗೋವಿನಜೋಳ ಬೆಳೆದು ಜೀವನ ಸಾಗಿಸುವವನು. ಆದುದರಿಂದ ಗ್ರಂಥಗಳಲ್ಲಿ ಸಿಗುವ ರೋಮನ್ನು ಬಿಟ್ಟು, ನಮ್ಮಂಥವರು ಅಲ್ಲಿಗೆ ಹೋಗುವುದಾದರೆ ಹೇಗೆ ಸಿದ್ಧರಾಗಬೇಕೆಂಬುದನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ.

ರೋಮ್ ನಮಗೆ ತೀರ ಅಪರಿಚಿತವೆಂದು ಯಾರೂ ಅಂಜಬೇಕಾಗಿಲ್ಲ. ನಮ್ಮ ಜಿಲ್ಲೆಯ ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ರೋಮನ್ ಹಾಗೂ ಬೈಜಾಂಟೈನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ನಿಧಿ ದೊರೆತಿದೆ. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿಯೂ ರೋಮನ್ ನಾಣ್ಯಗಳು ಸಿಕ್ಕಿವೆ. ಮುಂದೆ 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಮೈಸೂರು ಮಿಷನ್ನಿನಿಂದ ಹೋದ ವಾರ್ಷಿಕ ಪತ್ರಗಳು ಇಂದಿಗೂ ರೋಮಿನಲ್ಲಿರುವ ಯೇಸುಸಭೆಯ ದಾಖಲೆಗಳ ಭಂಡಾರದಲ್ಲಿವೆ. ನಮ್ಮ ನಾಡಿನ ಬರಗಾಲ, ಯುದ್ಧ, ಜ್ಞಾನಸ್ನಾನಗಳ ಸುದ್ದಿ ನಮಗಿಂತ ಮೊದಲೇ ಆ ಊರನ್ನು ತಲುಪಿದೆ ಎಂದಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ನಮ್ಮವರೊಬ್ಬರು ಪ್ರವಾಸದ ಕರಪತ್ರವೊಂದನ್ನು ತಂದು ತೋರಿಸಿದರು. ಹನ್ನೊಂದು ದಿನಗಳಲ್ಲಿ ಏಳು ದೇಶ. ಅದರಲ್ಲಿ ರೋಮಿಗೆ ದೊರೆತಿದ್ದು ಒಂದು ದಿನ. ಆ ದಿನದೊಳಗೇ ಕೊಲೊಸಿಯಂ, ಕಾರಂಜಿ, ಅಂಗಡಿ ಬೀದಿ. ಉಳಿದರೆ ಸಂತ ಪೇತ್ರರ ಮಹಾದೇವಾಲಯ. ‘ಉಳಿದರೆ’ ಎಂಬ ಅರ್ಥ ಬರುವ ಮಾತು ಅದರಲ್ಲಿ ಅಚ್ಚಾಗಿಯೇ ಇತ್ತು! ಹೊಲದ ಉತ್ಪನ್ನದಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಬಸ್ಸಿನ ಕಿಟಕಿಯಿಂದ ಊರು ನೋಡುವುದಕ್ಕೆ ಕೊಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮ ಹೊಸರಿತ್ತಿಯ ಒಂದು ಮಾತನ್ನು ಇಲ್ಲಿ ನೆನೆಯಬೇಕು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಯವರೆಗೆ ನಡೆದವರು. 1943ರ ಏಪ್ರಿಲ್ 1ರಂದು ಅವರೂ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಪೊಲೀಸರ ಗುಂಡಿಗೆ ಬಲಿಯಾದದ್ದು ನಮ್ಮೂರಿನಲ್ಲಿ. ಅದನ್ನು ನೋಡಲೆಂದು ಬರುವವರಲ್ಲಿ ಎರಡು ಬಗೆಯವರಿರುತ್ತಾರೆ. ಒಬ್ಬರು ಮೋಟಾರಿನಿಂದ ಇಳಿದು, ಚಿತ್ರ ತೆಗೆದುಕೊಂಡು, ಹೋಟೆಲ್ ಎಲ್ಲಿದೆ ಎಂದು ಕೇಳಿ ಹೋಗಿಬಿಡುತ್ತಾರೆ. ಮತ್ತೊಬ್ಬರು ಕಟ್ಟೆಯ ಮೇಲೆ ಕುಳಿತು, ಮುದುಕರನ್ನು ಮಾತನಾಡಿಸಿ, ಆ ಬೆಳಗು ಏನಾಯಿತೆಂದು ಕೇಳಿ ತಿಳಿದುಕೊಳ್ಳುತ್ತಾರೆ. ಹೀಗೆ ಪ್ರಾಣ ಕೊಟ್ಟವರ ಊರಿಗೆ ಬಂದವರು ಹೇಗೆ ನಡೆದುಕೊಳ್ಳಬೇಕೆಂಬುದು ನಮಗೆ ತಿಳಿದ ಸಂಗತಿ. ರೋಮ್ ಸಹ ಪ್ರಾಣ ಕೊಟ್ಟವರ ಊರು. ಅದರ ಅರಮನೆ ಅಂಗಳಗಳಿಗಿಂತ ಅದರ ಸಮಾಧಿಗಳು ನಮಗೆ ಮುಖ್ಯ. ಯಾರ ಸಮಾಧಿಯ ಬಳಿಗೆ ಹೋಗುತ್ತಿದ್ದೇವೆಂದು ಮೊದಲು ಗೊತ್ತು ಮಾಡಿಕೊಂಡರೆ ಎಷ್ಟು ದಿನ, ಎಲ್ಲಿ ವಸತಿ, ಎಷ್ಟು ಹಣ ಎಂಬುದೆಲ್ಲ ತಾನಾಗಿಯೇ ಇತ್ಯರ್ಥವಾಗುತ್ತದೆ.

ನನ್ನ ಮಟ್ಟಿಗೆ ಅದು ಗೊತ್ತಾದದ್ದು 1974ರಲ್ಲಿ. ಆ ವರ್ಷ ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ ಆರಂಭವಾಗಿತ್ತು. ಹನ್ನೊಂದು ವರ್ಷದ ನನ್ನನ್ನು ತಂದೆಯವರು ಕರೆದುಕೊಂಡು ಹೋಗಿದ್ದರು. ಸಾಲು ಮುಂದೆ ಸರಿಯುತ್ತಿರುವಾಗ ಪಕ್ಕದಲ್ಲಿದ್ದವರು, ಸಂತರಿಗೆ ಬಲಗೈ ಇಲ್ಲವೆಂದು ಮಾತನಾಡಿಕೊಂಡರು. ನನಗೆ ಗಾಬರಿಯಾಯಿತು. ‘ಅಪ್ಪಾ, ಆ ಕೈ ಎಲ್ಲಿ ಐತಿ?’ ಎಂದು ಕೇಳಿದೆ. ‘ಜ್ಞಾನಸ್ನಾನ ಕೊಟ್ಟ ಕೈ ಅದು. ರೋಮಿನಾಗ ಐತಿ. ನೀ ದೊಡ್ಡಾವ ಆದಮ್ಯಾಗ ಹೋಗಿ ನೋಡಿಕೊಂಡು ಬಾ’ ಎಂದರು. 1614ರಲ್ಲಿ ಆ ಬಲಗೈಯ ಮುಂಭಾಗವನ್ನು ರೋಮಿಗೆ ಕಳುಹಿಸಲಾಯಿತೆಂದೂ, ಅದು ಅಲ್ಲಿಯ ಜೆಸು ದೇವಾಲಯದ ಪೀಠವೊಂದರಲ್ಲಿ ಇದೆಯೆಂದೂ ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ತಂದೆಯವರು ಎಂದೂ ಹೋಗಲಿಲ್ಲ. ಹೋಗುವುದು ಸಾಧ್ಯವೆಂದೂ ಅವರು ಎಣಿಸಿರಲಾರರು.

2023ರಲ್ಲಿ ನಾನೂ ನನ್ನ ಧರ್ಮಪತ್ನಿಯೂ ಅರ್ಜಿ ಹಾಕಿದೆವು. ವೀಸಾ ತಿರಸ್ಕೃತವಾಯಿತು. ಇದನ್ನು ವಿವರವಾಗಿ ಹೇಳುತ್ತೇನೆ. ಏಕೆಂದರೆ ಇಲ್ಲಿ ಕುಳಿತಿರುವ ಬಹುಮಂದಿ ಒಕ್ಕಲಿಗರು, ನನ್ನ ತಪ್ಪನ್ನೇ ಮಾಡುವ ಸಂಭವವುಂಟು. ಆ ವರ್ಷ ಬ್ಯಾಡಗಿ ಪೇಟೆಯಲ್ಲಿ ಕಾಯಿ ಮಾರಿದ ಹಣ, ಎತ್ತು ಮಾರಿದ ಹಣ, ಮಗಳು ಕೊಟ್ಟ ಹಣ, ಎಲ್ಲವನ್ನೂ ಮನೆಯಲ್ಲಿಟ್ಟುಕೊಂಡು, ಅರ್ಜಿಗೆ ಹದಿನೈದು ದಿನ ಇರುವಾಗ ಒಮ್ಮೆಲೇ ಬ್ಯಾಂಕಿಗೆ ತುಂಬಿದೆ. ಪುಸ್ತಕದಲ್ಲಿ ದೊಡ್ಡ ಮೊತ್ತ ಕಂಡರೆ ಸಾಕೆಂಬುದು ನನ್ನ ಎಣಿಕೆ. ಅರ್ಜಿ ನೋಡುವವರಿಗಾದರೋ ಅದು ಬೇರೆಯವರಿಂದ ತಂದು ತೋರಿಸಿದ ಹಣದಂತೆ ಕಾಣುತ್ತದೆ. ಸಂಬಳದ ಚೀಟಿಯಿಲ್ಲ, ಆದಾಯ ತೆರಿಗೆಯ ಕಾಗದವಿಲ್ಲ. ಮರಳಿ ಬಂದ ಮುದ್ರಿತ ಹಾಳೆಯಲ್ಲಿ ಕಾರಣಗಳ ಪಟ್ಟಿಯಿತ್ತು. ಅವಧಿ ಮುಗಿಯುವುದರೊಳಗೆ ಇವರು ಆ ದೇಶಗಳನ್ನು ಬಿಟ್ಟು ಹೊರಡುವರೆಂಬ ಬಗ್ಗೆ ಸಂಶಯವಿದೆ ಎಂಬುದಕ್ಕೆ ಗುರುತು ಹಾಕಿದ್ದರು. ಅದನ್ನು ಓದಿ ಹೇಳಿದಾಗ ನಮ್ಮ ಮನೆಯವರು, ‘ಎಮ್ಮಿ ಕರು ಬಿಟ್ಟು ನಾ ಅಲ್ಲಿ ಉಳೀತೀನೇನ್ರಿ? ನನ್ನ ಏನಂತ ತಿಳಕೊಂಡಾರ ಅವರು!’ ಎಂದು ಅತ್ತುಬಿಟ್ಟರು. ಆಗ ತಲೆಗೆ 80 ಯೂರೊ ಇದ್ದ ಶುಲ್ಕ ಮರಳಿ ಬರುವುದಿಲ್ಲ. ಹಣಕ್ಕಿಂತ ಆ ಮಾತು ನಮ್ಮನ್ನು ಹೆಚ್ಚು ನೋಯಿಸಿತು. ಆಮೇಲೆ ಒಂದು ವರ್ಷ ರೋಮಿನ ಹೆಸರನ್ನು ಮನೆಯಲ್ಲಿ ಎತ್ತಲಿಲ್ಲ.

ಎರಡನೆಯ ಸಲ ಬೇರೆ ರೀತಿಯಲ್ಲಿ ನಡೆದೆವು. ಮಾರುಕಟ್ಟೆಯ ಹಣ ಬಂದಂತೆಲ್ಲ ಬ್ಯಾಂಕಿಗೆ ಹಾಕಿ, ಆಯಾ ದಿನದ ಮಾರಾಟದ ಬಿಲ್ಲುಗಳನ್ನು ಜೋಪಾನ ಮಾಡಿದೆವು. ಬಿಲ್ಲಿನ ಮೊತ್ತಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆಯಾಗುತ್ತಿತ್ತು. ಹೊಲದ ಪಹಣಿ ಪತ್ರಿಕೆಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಜೊತೆಗಿಟ್ಟೆವು. ನಾವು ಯಾರು, ಎಲ್ಲಿಯವರು, ಏತಕ್ಕೆ ಹೋಗುತ್ತೇವೆ, ಮುಂಗಾರು ಬಿತ್ತನೆಗೆ ಏಕೆ ಮರಳಿ ಬರಲೇಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು ಸಹಿ ಮಾಡಿದೆವು. ಗುರುಗಳು ಯಾತ್ರೆಯ ಕುರಿತು ಒಂದು ಪತ್ರ ಕೊಟ್ಟರು. ಈ ಸಲ ವೀಸಾ ದೊರೆಯಿತು.

ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ. 2024ರ ಜೂನ್ 11ರಿಂದ ಅದರ ಶುಲ್ಕ ವಯಸ್ಕರಿಗೆ 90 ಯೂರೊ. ಅರ್ಜಿ ಕೇಂದ್ರದ ಸೇವಾ ವೆಚ್ಚ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮುಂಚಿತವಾಗಿರಬೇಕು. ಬೇಸಿಗೆಯ ದಿನಗಳಲ್ಲಿ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟವಾದ್ದರಿಂದ ಮೂರು ನಾಲ್ಕು ತಿಂಗಳ ಮೊದಲೇ ಹೊರಡುವುದು ಲೇಸು. 30,000 ಯೂರೊಗಿಂತ ಕಡಿಮೆಯಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟು ನಾವು ಮರಳುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಸಿಂಧುವಾಗಿರಬೇಕು. ಅದಿಲ್ಲದವರು ಈಗಲೇ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅರ್ಜಿ ಹಾಕಬೇಕು.

ಇಲ್ಲೊಂದು ತೊಡಕುಂಟು. ನಮ್ಮವರ ಹೆಸರು ಜ್ಞಾನಸ್ನಾನದ ದಾಖಲೆಯಲ್ಲಿ ‘ಅಂತೋಣಿ’, ಶಾಲೆಯ ದಾಖಲೆಯಲ್ಲಿ ‘ಅಂತೋನಪ್ಪ’, ಪಹಣಿಯಲ್ಲಿ ‘ಆಂಥೋನಿ’ ಎಂದಿರುತ್ತದೆ. ಊರಿನಲ್ಲಿ ಮೂವರೂ ಒಬ್ಬರೇ ಎಂದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಮೇಜಿನ ಮುಂದೆ ಅವರು ಮೂವರು ಬೇರೆ ಬೇರೆ ಮನುಷ್ಯರು! ಕಾಗದಗಳಲ್ಲಿ ಹೆಸರನ್ನು ಒಂದು ಮಾಡಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಮತ್ತೆ ಅರ್ಜಿ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ತೆಗೆಯುತ್ತಾರೆ. ಕಳೆ ಕಿತ್ತು, ಕಾಯಿ ಬಿಡಿಸಿ ಸವೆದ ನಮ್ಮ ಹೆಣ್ಣುಮಕ್ಕಳ ಬೆರಳು ಪಡಿತರ ಅಂಗಡಿಯ ಯಂತ್ರಕ್ಕೇ ಸಿಗುವುದಿಲ್ಲ. ಎರಡು ವಾರ ಮೊದಲಿನಿಂದ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿರೆಂದು ತಾಯಂದಿರಲ್ಲಿ ನನ್ನ ವಿಜ್ಞಾಪನೆ. ನಮ್ಮ ಮನೆಯವರಿಗೆ ಇದರಿಂದ ಪ್ರಯೋಜನವಾಯಿತು.

ಯಾವಾಗ ಹೋಗಬೇಕು? ಕಾಯಿ ಬಿಡಿಸಿ ಮಾರುವ ಕೆಲಸ ಮಾರ್ಚಿಗೆ ಮುಗಿಯುತ್ತದೆ. ಕಾರ ಹುಣ್ಣಿಮೆಯ ಹೊತ್ತಿಗೆ ಬಿತ್ತನೆಗೆ ಮನೆಯಲ್ಲಿರಬೇಕು. ಪವಿತ್ರ ವಾರದಲ್ಲಿ ರೋಮಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ, ವಸತಿಯ ದರವೂ ಏರಿರುತ್ತದೆ. ಜುಲೈ, ಆಗಸ್ಟ್ ತಿಂಗಳ ಬಿಸಿಲು ನಮ್ಮ ಏಪ್ರಿಲ್ಲಿನ ಬಿಸಿಲಿಗೆ ಕಡಿಮೆಯದಲ್ಲ. ಅಲ್ಲದೆ ಜುಲೈಯಲ್ಲಿ ಪೋಪರ ಬುಧವಾರದ ಸಾರ್ವಜನಿಕ ದರ್ಶನಗಳು ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಪಾಸ್ಕ ಹಬ್ಬ ಕಳೆದ ಮೇಲೆ, ಮೇ ತಿಂಗಳೇ ನಮಗೆ ಒಪ್ಪುವ ಕಾಲ. ಆಗ ಅಲ್ಲಿ ಕತ್ತಲಾಗುವುದು ರಾತ್ರಿ ಎಂಟೂವರೆಯ ಮೇಲೆ. ಮಧ್ಯಾಹ್ನ ವಿಶ್ರಾಂತಿ ಪಡೆದು ಸಂಜೆ ತಿರುಗಾಡಲು ವಯಸ್ಸಾದವರಿಗೆ ಅನುಕೂಲ.

ಪವಿತ್ರ ದ್ವಾರ ಮುಚ್ಚಿಹೋಯಿತಲ್ಲ, ಇನ್ನು ಹೋಗಿ ಏನು ಫಲವೆಂದು ಒಬ್ಬ ತಾಯಿ ನನ್ನನ್ನು ಕೇಳಿದರು. 2024ರ ಡಿಸೆಂಬರ್ 24ರಂದು ತೆರೆದ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರ 2026ರ ಜನವರಿ 6ರಂದು ಮುಚ್ಚಿದ್ದು ನಿಜ. 1300ರಲ್ಲಿ ಎಂಟನೆಯ ಬೊನಿಫಾಸ್ ಪೋಪರು ಜ್ಯೂಬಿಲಿಯನ್ನು ಆರಂಭಿಸಿದರು. ಈಗ 25 ವರ್ಷಕ್ಕೊಮ್ಮೆ ಬರುವ ಆ ಸಾಮಾನ್ಯ ಜ್ಯೂಬಿಲಿ ಮತ್ತೆ 2050ರಲ್ಲಿ. ಆದರೆ ಅಮ್ಮಾ, ಮುಚ್ಚಿರುವುದು ಒಂದು ಬಾಗಿಲು ಮಾತ್ರ. ಪಕ್ಕದ ಬಾಗಿಲಿನಿಂದ ಒಳಹೋದರೂ ಅದೇ ಪೇತ್ರರ ಸಮಾಧಿ, ಅದೇ ಪೀಠ.

ನಮ್ಮ ಪ್ರಯಾಣ 2025ರ ಮೇ ತಿಂಗಳ ಕೊನೆಗೆ ಕೂಡಿಬಂತು. ರೋಮಿನಲ್ಲಿ ಆರು ದಿನ, ಬೇರೆ ಯಾವ ಊರೂ ಇಲ್ಲ. ಕನ್ಯಾಸ್ತ್ರೀಯರು ನಡೆಸುವ ಯಾತ್ರಿಕರ ವಸತಿಗೃಹವೊಂದರಲ್ಲಿ ಇಳಿದುಕೊಂಡೆವು. ಅಲ್ಲಿ ಇಂಥವು ಬಹಳ ಇವೆ. ಹೋಟೆಲುಗಳಿಗಿಂತ ಸರಳ, ಸ್ವಚ್ಛ. ಕೆಲವೆಡೆ ರಾತ್ರಿ ಇಂತಿಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ನಮಗಂತೂ ಅದರಿಂದ ತೊಂದರೆಯಾಗಲಿಲ್ಲ, ಎಂಟು ಗಂಟೆಗೇ ಕಣ್ಣು ಎಳೆಯುತ್ತಿದ್ದವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಒಯ್ಯಲು ಅಲ್ಲಿಯ ಕಾನೂನಿನಲ್ಲಿ ಅವಕಾಶವಿಲ್ಲ. ಆದ್ದರಿಂದ ಬೆಣ್ಣೆ, ತುಪ್ಪ, ಧಾರವಾಡ ಪೇಡೆ ಮನೆಯಲ್ಲೇ ಇರಲಿ.

ನೀರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಆ ಊರಿನ ಬೀದಿ ಬೀದಿಗಳಲ್ಲಿ ಕಬ್ಬಿಣದ ಗಿಡ್ಡ ಕಂಬಗಳಿಂದ ತಣ್ಣನೆಯ ಕುಡಿಯುವ ನೀರು ಹಗಲೂ ರಾತ್ರಿ ಹರಿಯುತ್ತದೆ. ಸುಮಾರು 2,500 ಇವೆಯಂತೆ. ನಳಿಗೆಯ ಬಾಯಿಯನ್ನು ಬೆರಳಿನಿಂದ ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರವಾಗಿ ಬಾಯಿಗೆ ಬರುತ್ತದೆ. ಬೇಸಿಗೆಯಲ್ಲಿ ವರದೆ ಬತ್ತಿ ಕೊಡ ಹೊತ್ತು ಅಲೆದವರು ನಾವು. ನಮ್ಮ ಮನೆಯವರು ಮೊದಲ ದಿನ ಅದನ್ನು ನಿಲ್ಲಿಸುವ ತಿರುಪು ಎಲ್ಲಿದೆಯೆಂದು ಹುಡುಕಿದ್ದೇ ಹುಡುಕಿದ್ದು. ಹಣ ಕೊಟ್ಟು ಬಾಟಲಿ ಕೊಳ್ಳಬೇಡಿ. ಖಾಲಿ ಬಾಟಲಿ ಕೈಯಲ್ಲಿರಲಿ.

ಕಳ್ಳತನದ ಬಗ್ಗೆಯೂ ಎಚ್ಚರ ಬೇಕು. ತೆರ್ಮಿನಿ ರೈಲು ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೆಯ ಸಂಖ್ಯೆಯ ಬಸ್ಸು ಯಾತ್ರಿಕರಷ್ಟೇ ಜೇಬುಗಳ್ಳರಿಗೂ ಪ್ರಿಯವಾದದ್ದು. ಪಾಸ್‌ಪೋರ್ಟಿನ ಪ್ರತಿಯೊಂದನ್ನು ಬೇರೆ ಚೀಲದಲ್ಲಿಡಿ. ನೆಲದಡಿಯ ರೈಲಿನಲ್ಲಿ ಹೋಗುವುದಾದರೆ ‘ಒತ್ತಾವಿಯಾನೊ’ ನಿಲ್ದಾಣದಲ್ಲಿ ಇಳಿದು ನಡೆಯಬಹುದು.

ಸಂತ ಪೇತ್ರರ ಮಹಾದೇವಾಲಯವನ್ನು ವರ್ಣಿಸಲು ನನ್ನಿಂದಾಗದು. 1506ರಲ್ಲಿ ಆರಂಭವಾಗಿ 1626ರ ನವೆಂಬರ್ 18ರಂದು ಅಭಿಷೇಕವಾದ ಕಟ್ಟಡ. ಎಂದರೆ 120 ವರ್ಷ ಕಟ್ಟಿದರು. ನಮ್ಮ ದೇವಾಲಯದ ಗೋಪುರ ತಡವಾಯಿತೆಂದು ಗೊಣಗುವ ಹಿರಿಯರು ಇದನ್ನು ಗಮನಿಸಬೇಕು. ಒಳಗೆ ಹೋಗಲು ಹಣವಿಲ್ಲ. ತಪಾಸಣೆಯ ಸಾಲು ಉದ್ದ, ಬೆಳಗಿನ ಏಳು ಗಂಟೆಗೆ ಹೋದರೆ ಕಡಿಮೆ. ಭುಜ, ಮೊಣಕಾಲು ಮುಚ್ಚಿರಬೇಕೆಂಬ ನಿಯಮ ಸೀರೆಯುಟ್ಟವರಿಗೆ ಲೆಕ್ಕಕ್ಕಿಲ್ಲ, ಯುವಕರು ಗಮನಿಸಲಿ. ಪೇತ್ರರ ಕಂಚಿನ ವಿಗ್ರಹದ ಪಾದ ಶತಮಾನಗಳಿಂದ ಯಾತ್ರಿಕರ ಕೈ ಸೋಕಿ ಸವೆದು ನುಣುಪಾಗಿದೆ. ಗುಮ್ಮಟ ಹತ್ತಲು 551 ಮೆಟ್ಟಿಲು. ಲಿಫ್ಟ್ ಹಿಡಿದರೂ 320 ಉಳಿಯುತ್ತವೆ. ಮೊಣಕಾಲು ನೋವಿನಿಂದ ನಮ್ಮ ಮನೆಯವರು ಕೆಳಗೆ ಜಪಸರ ಹಿಡಿದು ಕುಳಿತರು, ನಾನೂ ಹತ್ತಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ನೆಲದ ಕೆಳಗಿದೆ. 1939ರ ನಂತರ ನಡೆದ ಉತ್ಖನನದಲ್ಲಿ ಪೀಠದ ಅಡಿಯಲ್ಲಿ ರೋಮನ್ನರ ಕಾಲದ ಸ್ಮಶಾನವೇ ಬೆಳಕಿಗೆ ಬಂತು. ಅಲ್ಲಿ ದೊರೆತ ಅಸ್ಥಿಗಳು ಪೇತ್ರರವೆಂದು ನಂಬಲು ಆಧಾರವಿದೆಯೆಂದು 1968ರಲ್ಲಿ ಆರನೆಯ ಪೌಲ್ ಪೋಪರು ಪ್ರಕಟಿಸಿದರು. ದಿನಕ್ಕೆ ಸುಮಾರು 250 ಮಂದಿಯನ್ನು ಮಾತ್ರ ಸಣ್ಣ ತಂಡಗಳಾಗಿ ಒಯ್ಯುತ್ತಾರೆ. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ತಿಂಗಳುಗಳ ಮೊದಲೇ ಇ-ಮೇಲ್ ಬರೆಯಬೇಕು. ನಾವು ತಡವಾಗಿ ಬರೆದುದರಿಂದ ಸ್ಥಳ ಸಿಗಲಿಲ್ಲ. ನೀವಾದರೂ ದಿನಾಂಕ ನಿಶ್ಚಯವಾದ ವಾರವೇ ಬರೆಯಿರಿ.

ಬುಧವಾರದ ಸಾರ್ವಜನಿಕ ದರ್ಶನಕ್ಕೆ ಚೀಟಿ ಬೇಕು, ಆದರೆ ಅದು ಉಚಿತ. ಹಣ ಕೇಳುವವರನ್ನು ನಂಬಬೇಡಿ. ಹೊಸದಾಗಿ ಮದುವೆಯಾದವರು ವಿವಾಹದ ಉಡುಪಿನಲ್ಲಿ ಬಂದರೆ ಅವರಿಗೆ ಪ್ರತ್ಯೇಕ ಸ್ಥಳವುಂಟು. ಭಾನುವಾರ ಮಧ್ಯಾಹ್ನ 12ಕ್ಕೆ ಪೋಪರು ಕಿಟಕಿಯಿಂದ ನಡೆಸುವ ಪ್ರಾರ್ಥನೆಗೆ ಚೀಟಿಯೂ ಬೇಡ. ನಾವು ದರ್ಶನ ಪಡೆದದ್ದು 2025ರ ಮೇ 28ರಂದು. ಹದಿನಾಲ್ಕನೆಯ ಲಿಯೋ ಪೋಪರು ಆಯ್ಕೆಯಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ದೂರದಿಂದ ಬಿಳಿಯ ಚುಕ್ಕೆಯಂತೆ ಕಂಡರು, ಅಷ್ಟೇ. ಮರುದಿನ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿ, ಏಪ್ರಿಲ್ 21ರಂದು ತೀರಿಕೊಂಡ ಫ್ರಾನ್ಸಿಸ್ ಪೋಪರ ಸಮಾಧಿಯನ್ನು ಹತ್ತಿರದಿಂದ ಕಂಡೆವು. ಹೆಸರೊಂದನ್ನು ಬಿಟ್ಟು ಕಲ್ಲಿನ ಮೇಲೆ ಬೇರೇನೂ ಬರೆದಿಲ್ಲ.

ಪಟ್ಟಣದ ಗೋಡೆಯ ಹೊರಗಿನ ಸಂತ ಪೌಲರ ಮಹಾದೇವಾಲಯವನ್ನು ಪ್ರವಾಸದವರು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. 1823ರಲ್ಲಿ ಸುಟ್ಟು ಮತ್ತೆ ಕಟ್ಟಿದ ದೇವಾಲಯ ಅದು. ಪೀಠದ ಕೆಳಗಿನ ಜಾಲರಿಯಲ್ಲಿ ಇಣುಕಿದರೆ ಕಲ್ಲಿನ ಸಮಾಧಿಯ ಒಂದು ಬದಿ ಕಾಣುತ್ತದೆ. ಅಲ್ಲಿ ಜನಸಂದಣಿಯಿಲ್ಲ; ಒಂದು ಗಂಟೆ ಕುಳಿತರೂ ಏಳಿರೆನ್ನುವವರಿಲ್ಲ. ತೈಬರ್ ನದಿಯ ನಡುಗಡ್ಡೆಯ ಮೇಲೆ ಸಂತ ಬಾರ್ತಲೋಮಿಯೋರ ದೇವಾಲಯವಿದೆ. ಅವರೂ ಭಾರತಕ್ಕೆ ಬಂದಿದ್ದರೆಂಬ ಪುರಾತನ ಐತಿಹ್ಯವಿರುವುದರಿಂದ ನಮಗೆ ನೆಂಟಸ್ತಿಕೆಯುಂಟು. ಕೊಲೊಸಿಯಮ್ಮನ್ನು ಹೊರಗಿನಿಂದಲೇ ನೋಡಿದೆವು. ಸಿಸ್ಟೈನ್ ಪ್ರಾರ್ಥನಾಲಯದ ಚಿತ್ರಗಳನ್ನು ನೋಡಬೇಕೆನ್ನುವವರು ಮೊದಲು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಹೋಗಿ, ಇಟಲಿಯಿಂದ 19ನೆಯ ಶತಮಾನದ ಕೊನೆಗೆ ಬಂದ ಸಹೋದರ ಆಂತೋನಿಯೊ ಮೊಸ್ಕೇನಿಯವರು ಬರೆದ ಚಿತ್ರಗಳನ್ನು ನಿಧಾನವಾಗಿ ನೋಡಿ ಬರಲಿ. ನೋಡುವ ಕಣ್ಣು ಅಲ್ಲಿ ತಯಾರಾಗುತ್ತದೆ. ರೋಮಿಗೆ ಹೋಗಲಾಗದವರಿಗೂ ಆ ದಾರಿ ತೆರೆದೇ ಇದೆ.

ಕೊನೆಯ ದಿನಕ್ಕೆ ಜೆಸು ದೇವಾಲಯವನ್ನು ಉಳಿಸಿಕೊಂಡಿದ್ದೆವು. ಒಳಗೆ ಎಡಕ್ಕೆ ಸಂತ ಇಗ್ನಾಸಿಯವರ ಸಮಾಧಿ, ಬಲಕ್ಕೆ ಸಂತ ಝೇವಿಯರರ ಪೀಠ. ಪೀಠದ ಮೇಲೆ ಪೆಟ್ಟಿಗೆಯಲ್ಲಿ ಆ ಕೈ ಇದೆ. 51 ವರ್ಷದ ಹಿಂದೆ ಕೇಳಿದ ಪ್ರಶ್ನೆಗೆ ಉತ್ತರ ಎದುರಿಗಿತ್ತು. ನಾನು ತಂದೆಯವರ ಹಳೆಯ ಜಪಸರವನ್ನು ಒಯ್ದಿದ್ದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಯಾವ ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ. ನಮ್ಮ ಮನೆಯವರು ಮೆಲ್ಲಗೆ, ‘ಮಾವನವರಿಗೆ ಹೇಳ್ರಿ, ನೋಡಿದ್ವಿ ಅಂತ’ ಎಂದರು. ಏಳು ದೇಶಗಳ ಆ ಕರಪತ್ರದಲ್ಲಿ ಈ ದೇವಾಲಯದ ಹೆಸರೇ ಇರಲಿಲ್ಲ.

ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುರುಗಳ ನಿವಾಸದ ಪಡಸಾಲೆಯಲ್ಲಿ ಕುಳಿತಿರುತ್ತೇನೆ. ಹೊರಡುವವರು ಬ್ಯಾಂಕ್ ಪುಸ್ತಕ, ಪಹಣಿ, ಈ ವರ್ಷದ ಮಾರಾಟದ ಬಿಲ್ಲು, ಆಧಾರ್ ಚೀಟಿ ಇಷ್ಟನ್ನು ತನ್ನಿರಿ. ಹೆಸರುಗಳನ್ನು ಒಂದಕ್ಕೊಂದು ತಾಳೆ ನೋಡುವುದರಿಂದ ಕೆಲಸ ಆರಂಭಿಸೋಣ.